ಕಿವಿಗೆ ಬಂದ ಹಲ್ಲುನೋವು

ನೋವು ಎಲ್ಲಿ ಹುಟ್ಟುತ್ತದೆಯೋ ಅಲ್ಲಿಯೇ ನೋಯುತ್ತದೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಎಡವಿದರೆ ಕಾಲು, ಕಂಡದ್ದೆಲ್ಲ ತಿಂದರೆ ಹೊಟ್ಟೆ. ದೇಹ ಅಷ್ಟರಮಟ್ಟಿಗೆ ಪ್ರಾಮಾಣಿಕ ಎಂಬುದು ನನ್ನ ತಿಳಿವಳಿಕೆ. ಅದರಲ್ಲೂ ನನ್ನ ಹಲ್ಲುಗಳ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ. ಕಬ್ಬು ಸಿಗಿಯಲು, ಹೊಲಿಗೆಯ ದಾರ ಕಡಿಯಲು, ಬಿಗಿದ ಗಂಟು ಬಿಚ್ಚಲು ಎಲ್ಲಕ್ಕೂ ಹಲ್ಲೇ. ಮನೆಯಲ್ಲಿ ಕತ್ತರಿ ಸಿಗದಿದ್ದರೆ ನನ್ನನ್ನು ಕರೆಯುತ್ತಿದ್ದರು. ಹೀಗಾಗಿ ಒಂದು ದಿನ ಎಡಗಿವಿ ನೋಯತೊಡಗಿದಾಗ ನಾನು ಕಿವಿಯನ್ನೇ ಬೈದುಕೊಂಡೆ. ಪಕ್ಕದಲ್ಲೇ ಇದ್ದ ಹಲ್ಲನ್ನು ಅನುಮಾನಿಸಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಇಳಕಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಮಾಸ್ತರರು. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ. ಮದುವೆಗೆ ಮುಂಚೆ ಅತ್ತೆಗೆ ನನ್ನ ನೌಕರಿ ಸೇರಿರಲಿಲ್ಲ. "ದಿನಾ ಊರ ಗಂಡಸರ ಕೂಡ ಮಾತಾಡೋ ಹುಡುಗಿ ಬ್ಯಾಡಪಾ" ಎಂದಿದ್ದರಂತೆ. ಆಮೇಲೆ ಅದೇ ಅತ್ತೆ ಓಣಿಯಲ್ಲಿ ಕುಳಿತು, "ನಮ್ಮ ಸೊಸಿ ಹೂಂ ಅಂದರನ ಇಳಕಲ್ ಮಾತಾಡತೈತಿ" ಎಂದು ಹೇಳಿಕೊಳ್ಳುವಷ್ಟು ಬದಲಾಗಿದ್ದರು. ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಸೀರೆ ವ್ಯಾಪಾರಿಗಳ ಊರು. ಸೋಲಾಪುರ, ಮುಂಬಯಿ, ಬೆಂಗಳೂರು ಎಂದು ಎಲ್ಲಿಗೆ ಮಾತಾಡಬೇಕಾದರೂ ನನ್ನ ಬೋರ್ಡನ್ನು ಹಾಯ್ದೇ ಹೋಗಬೇಕು. ಆ ಬೋರ್ಡಿನ ಮುಂದೆ ಕುಳಿತಾಗ ನನಗೂ ಒಂದು ಬಗೆಯ ಗತ್ತು ಬರುತ್ತಿತ್ತು.

ಕಿವಿನೋವು ಬಂದದ್ದೇ ಅತ್ತೆ ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ನನ್ನ ತಲೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು, ಬೆಚ್ಚಗೆ ಕಿವಿಗೆ ಬಿಟ್ಟು ಹತ್ತಿ ತುರುಕಿದರು. ನೋವು ಹೋಗಲಿಲ್ಲ. ಕೇಳಿಸುವುದು ಮಾತ್ರ ಅರ್ಧವಾಯಿತು. ಆ ಹತ್ತಿಯ ಮೇಲೆಯೇ ಹೆಡ್‌ಫೋನು ಏರಿಸಿಕೊಂಡು ಕುಳಿತವಳಿಗೆ ಮಹಾಂತಪ್ಪ ಸಾಹುಕಾರರು ಸೋಲಾಪುರ ಕೇಳಿದರೆ ಕೊಲ್ಲಾಪುರ ಕೇಳಿಸಿತು. ನಂಬರು ಸರಿಯಾಗಿಯೇ ಕೊಟ್ಟೆ, ಊರು ಮಾತ್ರ ಬೇರೆ. ಆ ಕಡೆ ಸಿಕ್ಕವನು ಬೆಲ್ಲದ ವ್ಯಾಪಾರಿ. ಸ್ವಲ್ಪ ಹೊತ್ತಿಗೆ ಸಾಹುಕಾರರು ನನ್ನ ಮೇಲೆ ಹರಿಹಾಯ್ದರು.

"ಏನ್ರಿ ಅಕ್ಕಾರ, ನಾ ರೇಷ್ಮಿ ಭಾವ ಕೇಳಿದ್ರ ಅಂವಾ ಅಂಟಿನ ಬೆಲ್ಲ ಬೇಕೋ, ಪುಡಿ ಬೆಲ್ಲ ಬೇಕೋ ಅಂತಾನ! ಅಂಟ ಅಂದ್ರ ಯಾವ ರೇಷ್ಮಿ ಅಂತ ನಾ ವಿಚಾರ ಮಾಡಕೋತ ಕುಂತೇನಿ!"

ದೂರು ಸೂಪರ್‌ವೈಸರ್ ದೇಸಾಯಿಯವರಿಗೆ ಹೋಯಿತು. ಮೆತ್ತಗಿನ ಮನುಷ್ಯ. ಆದರೂ ಹೇಳಬೇಕಾದ್ದನ್ನು ಹೇಳಿದರು. "ನೋಡವಾ, ಮೊದಲ ಬಾಗಲಕೋಟಿಗೆ ಹೋಗಿ ಕಿವಿ ತೋರಿಸಿಕೊಂಡು ಬಾ. ಕಿವಿ ಖರೇನ ಕೆಟ್ಟಿತ್ತಂದ್ರ ನಿನ್ನ ಬೋರ್ಡಿನ ಮ್ಯಾಲೆ ಕೂಡಸಲಿಕ್ಕೆ ಬರೂದಿಲ್ಲ. ಬ್ಯಾರೆ ಊರಾಗ ಟಪಾಲು ಕೌಂಟರಿಗೆ ಹಾಕ್ತಾರ."

ಆ ಮಾತು ಕಿವಿಗಿಂತ ಹೆಚ್ಚು ನೋಯಿಸಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಸೆರಗು ಬಿಗಿದು ಎದ್ದು ನಿಂತರು. "ಹೆಂಗ ಹಾಕ್ತಾರ ನೋಡೂಣು. ನಡಿ, ನಾನೂ ಬರ್ತೇನಿ" ಎಂದರು.

ಬಾಗಲಕೋಟೆಯ ಕಿವಿ ಡಾಕ್ಟರು ದೀಪ ಹಿಡಿದು ಒಳಗೆ ಇಣುಕಿ, ಮೂಗು ಸಿಂಡರಿಸಿದರು. "ಕಿವಿ ಚೊಲೋ ಅದ. ಒಗ್ಗರಣಿ ವಾಸನಿ ಯಾಕ ಬರ್ಲಿಕತ್ತದ?" ಅತ್ತೆ ಗೋಡೆ ನೋಡಿದರು. "ಬಾಯಿ ತಗೀರಿ" ಎಂದ ಡಾಕ್ಟರು ಹಿಂದಿನ ದವಡೆ ಹಲ್ಲಿಗೆ ಚಮಚದ ಹಿಡಿಯಿಂದ ಮೆಲ್ಲಗೆ ತಟ್ಟಿದರು. ನಾನು ಚೀರಿದ ಚೀರಿಗೆ ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಬಂದರು.

"ಹಲ್ಲು ಒಳಗ ಹುಳುಕ್ಯದ. ಹಲ್ಲಿಗೂ ಕಿವಿಗೂ ನರದ ಸಂಬಂಧ ಅದ. ಹಲ್ಲು ಕೂಗಿದ್ರ ಕಿವಿ ಕೂಗಿದ್ಹಂಗ ಆಗ್ತದ" ಎಂದು ಡಾಕ್ಟರು ವಿವರಿಸಿದರು. ಅಂದರೆ ನನ್ನ ತಲೆಯೊಳಗೂ ಯಾರೋ ಸೋಲಾಪುರಕ್ಕೆ ಕೊಲ್ಲಾಪುರ ಕೊಟ್ಟಿದ್ದರು. ಕಿವಿ ಉಳಿಯಿತೆಂದು ನನಗೆ ಕುಣಿಯುವಷ್ಟು ಸಂತೋಷ. ಆದರೆ ಹಲ್ಲು ಕೀಳಿಸಬೇಕೆಂದು ಕೇಳಿದ್ದೇ ಅತ್ತೆಯ ಮುಖ ಕಪ್ಪಿಟ್ಟಿತು.

ಹಲ್ಲಿನ ಡಾಕ್ಟರು ಅದೇ ಪೇಟೆಯಲ್ಲಿದ್ದರು, ಇನ್ನೂ ಹುಡುಗುಮುಖದವರು. ಅವರು ಇಕ್ಕಳ ಕೈಗೆತ್ತಿಕೊಂಡದ್ದೇ ತಡ, ಅತ್ತೆ ಕುರ್ಚಿಗೆ ಅಡ್ಡ ನಿಂತರು.

"ದವಡಿ ಹಲ್ಲು ಕಿತ್ತರ ಕಣ್ಣು ಹೋಗ್ತಾವಪಾ. ಕಿವಿ ಸಲುವಾಗಿ ಬಂದೇವಿ, ಕಣ್ಣು ಕೊಟ್ಟು ಹೋಗೂದಿಲ್ಲ."

"ನಿಮ್ಮವು ಎಷ್ಟು ಹಲ್ಲು ಉಳದಾವ ಅಮ್ಮಾರ?" ಡಾಕ್ಟರು ಕೇಳಿದರು.

"ಮೂರು."

"ಕಣ್ಣು ಹೆಂಗದಾವ?"

"ನನಗೇನಾಗೇತಿ? ಇವತ್ತಿಗೂ ಸೂಜಿಗೆ ದಾರ ನಾನ ಪೋಣಸ್ತೇನಿ!"

"ಮತ್ತ?" ಎಂದು ಡಾಕ್ಟರು ನಕ್ಕರು. ಅತ್ತೆ, "ನನ್ನವು ತಾವಾಗೇ ಬಿದ್ದಾವ, ಇಕ್ಕಳ ಹಾಕಿ ಕಿತ್ತಿಲ್ಲ" ಎಂದರು. ಆದರೂ ದಾರಿ ಬಿಟ್ಟು, ನನ್ನ ಪಕ್ಕಕ್ಕೆ ಬಂದು ಕೈ ಹಿಡಿದು ನಿಂತರು. ಹಲ್ಲು ಕಿತ್ತು ಬಂದ ಹೊತ್ತಿನಲ್ಲಿ "ಯವ್ವಾ!" ಎಂದು ಕೂಗಿದವರು ಅವರು. ಸೂಜಿ ಚುಚ್ಚಿ ಮರಗಟ್ಟಿದ್ದ ನನಗೆ ನೋವಾದದ್ದು ಅವರು ಹಿಚುಕಿದ ಬೆರಳಲ್ಲಿ ಮಾತ್ರ.

ಹತ್ತಿ ಕಚ್ಚಿ ಹಿಡಿಯಬೇಕು, ಬಾಯಿ ತೆರೆಯಕೂಡದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಸ್ಸಿನಲ್ಲಿ ಅತ್ತೆ ನನ್ನ ಕಣ್ಣಿನ ಪರೀಕ್ಷೆಗೆ ಇಳಿದರು. ಎಮ್ಮೆ ಕಾಣುತ್ತದೆಯೇ, ಗುಡ್ಡ ಕಾಣುತ್ತದೆಯೇ ಎಂದು ಕೇಳುವುದು, ನಾನು ತಲೆಯಾಡಿಸುವುದು. ಅಷ್ಟಕ್ಕೆ ಅವರಿಗೆ ಸಮಾಧಾನವಿಲ್ಲ. ಊರೊಂದು ಹತ್ತಿರವಾದಾಗ ರಸ್ತೆಬದಿಯ ಬೋರ್ಡು ತೋರಿಸಿ, "ಅದರಾಗ ಏನ್ ಬರದಾರ, ಓದು" ಎಂದರು. ಅವರಿಗೆ ಓದು ಬಾರದು. ಊರಿನ ಹೆಸರನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆಂದು ನನಗೆ ತಿಳಿಯದು. ನಾನು ಗಾಳಿಯಲ್ಲಿ ಬೆರಳಾಡಿಸಿದೆ.

"ಅಯ್ಯ ಶಿವನ! ತಡಕಾಡಾಕತ್ತಾಳ! ಕಣ್ಣು ಹೋದುವಲ್ರಿ ನನ್ನ ಸೊಸಿವು!" ಎಂದು ಅತ್ತೆ ಗೋಳಿಟ್ಟರು. ಬಸ್ಸಿಗೆ ಬಸ್ಸೇ ತಿರುಗಿತು. ಹಿಂದಿನ ಸೀಟಿನ ಮುದುಕರೊಬ್ಬರು ನನ್ನ ಮುಖದ ಮುಂದೆ ಕೈಯಾಡಿಸಿ ನೋಡಿದರು. ಅತ್ತೆಯ ಕಣ್ಣಲ್ಲಿ ಖರೆಯೇ ನೀರು ಬಂದಿತ್ತು. ನಾನು ಹತ್ತಿ ಉಗುಳಿ, ಇದ್ದ ಬಲವನ್ನೆಲ್ಲ ಹಾಕಿ ಕಿರುಚಿದೆ: "ಅಮೀನಗಡ!"

ಕಂಡಕ್ಟರು ತಕ್ಷಣ ಸೀಟಿ ಊದಿದ. ಬಸ್ಸು ನಿಂತಿತು. "ಇಳೀರಿ ಅಕ್ಕಾರ, ಲಗೂನ" ಎಂದ. ನಾನು ಇಳಿಯಲಿಲ್ಲ. ಕಣ್ಣೊರೆಸಿಕೊಂಡು ಇಳಿದವರು ಅತ್ತೆ. ಇಡೀ ಬಸ್ಸನ್ನು ಕಾಯಿಸಿ ಆ ಊರಿನ ಹೆಸರಾಂತ ಸಿಹಿ ಕರದಂಟಿನ ಪೊಟ್ಟಣದೊಂದಿಗೆ ಏರಿ ಬಂದು ಎಲ್ಲರಿಗೂ ಹಂಚಿದರು. ನನಗೆ ಮಾತ್ರ ಕೊಡಲಿಲ್ಲ. "ನಿನಗ ಡಾಕ್ಟರು ಬ್ಯಾಡ ಅಂದಾರ" ಎಂದು ನನ್ನ ಪಾಲನ್ನೂ ತಾವೇ ಬಾಯಿಗಿಟ್ಟುಕೊಂಡು, ಇಳಕಲ್ ಬರುವವರೆಗೂ ಮೂರು ಹಲ್ಲಿನಲ್ಲಿ ಚಪ್ಪರಿಸಿದರು.

ದೇಸಾಯಿಯವರು ನನ್ನನ್ನು ಮತ್ತೆ ಬೋರ್ಡಿನ ಮುಂದೆ ಕೂಡಿಸಿದರು. ಕಿವಿನೋವು ಹಲ್ಲಿನ ಜೊತೆಗೇ ಹೋಗಿತ್ತು. ಗಾಯ ಮಾಯುವವರೆಗೆ ಮಾತು ಕಡಿಮೆ ಇರಲೆಂದು ಡಾಕ್ಟರ ಅಪ್ಪಣೆಯಾಗಿದ್ದರಿಂದ, ಇದ್ದ ಮಾತನ್ನೆಲ್ಲ ಆಫೀಸಿನಲ್ಲಿ ಖರ್ಚು ಮಾಡಿ ಮನೆಯಲ್ಲಿ ಮೌನವಾಗಿರುತ್ತಿದ್ದೆ. ನನ್ನ ಮೌನಕ್ಕೆ ಮನೆಯವರೆಲ್ಲ ಮರುಗುತ್ತಿರಬೇಕೆಂದು ನನಗೆ ನಾನೇ ಅಂದುಕೊಂಡಿದ್ದೆ. ಒಂದು ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಲ್ಲಿ ಯಜಮಾನರು ತಾಯಿಗೆ ಪಿಸುಗುಟ್ಟುವುದು ಕೇಳಿಸಿತು.

"ಯವ್ವಾ, ಮನಿ ಎಷ್ಟು ತಣ್ಣಗೈತಿ ನೋಡು. ಆಕೀದು ಇನ್ನೊಂದು ಹಲ್ಲು ಹುಳುಕಿಲ್ಲೇನ?"

"ಸುಮ್ಮನಿರಪಾ," ಅತ್ತೆ ಅದಕ್ಕಿಂತ ಮೆಲ್ಲಗೆ ಹೇಳಿದರು, "ಆಕಿ ಕಿವಿ ಈಗ ಭಾಳ ಚುರುಕ ಅದಾವ."

ಕಡ್ಡಿ ಗೀರಿದಷ್ಟು ಸ್ಪಷ್ಟವಾಗಿ ಎಲ್ಲವೂ ಕೇಳಿಸಿತು. ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು. ಡಾಕ್ಟರ ಅಪ್ಪಣೆ ನೆನೆದು, ಬಾಯಿ ಬಿಗಿಹಿಡಿದು, ರೊಟ್ಟಿಯನ್ನು ಮಾತ್ರ ಸ್ವಲ್ಪ ಜೋರಾಗಿ ಬಡಿದೆ.