ಬೈಲಪ್ಪನ ಹಂಡೆಯ ಪೂರ್ವಾಪರ

ಮನೆಯ ಹಂಡೆ ಸೋರುವುದಕ್ಕೆ ವರ್ಷದಲ್ಲಿ ಇನ್ನೂ ಮುನ್ನೂರ ಅರವತ್ತನಾಲ್ಕು ದಿನ ಇದ್ದವು. ಅದು ಆರಿಸಿಕೊಂಡದ್ದು ಮಾತ್ರ ವಿರೂಪಾಕ್ಷಪ್ಪನವರ ಮಗಳು ನಿರ್ಮಲಳಿಗೆ ಹೆರಿಗೆಯಾದ ಮೇಲೆ ಮೊದಲ ಸಲ ತಲೆಗೆ ನೀರೆರೆಯುವ ದಿನವನ್ನೇ. ಬೆಳಿಗ್ಗೆ ಉರಿ ಹಾಕಿದರೆ ತಳದಿಂದ ನೀರು ತೊಟ್ಟಿಕ್ಕಿ ಒಲೆಯೇ ಆರಿಹೋಯಿತು.

ಬೇರೆ ದಿನವಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅಂದು ಮಧ್ಯಾಹ್ನ ಹೊನ್ನಾಳಿಯಿಂದ ಬೀಗಿತಿ ಸರ್ವಮಂಗಳಮ್ಮ ಬರುವವರಿದ್ದರು. ಆಕೆಯ ಹಿರಿ ಮಗಳು ಬಾಣಂತನದಲ್ಲಿ ನಂಜೇರಿ ಸತ್ತು ಬದುಕಿದವಳು. ಅಂದಿನಿಂದ ಬಾಣಂತಿಯ ನೀರೆಂದರೆ ಆಕೆ ಯಾರನ್ನೂ ನಂಬುತ್ತಿರಲಿಲ್ಲ. ನೀರಿನಲ್ಲಿ ಎಳ್ಳಷ್ಟು ಕೊಳೆ ಕಂಡರೂ ಸೊಸೆ, ಮೊಮ್ಮಗಳು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ಅದಕ್ಕೆಂದೇ ಕಾರು ಮಾಡಿಕೊಂಡು ಬರುತ್ತೇನೆ ಎಂದು ಕಾಗದ ಬರೆದಿದ್ದರು. ವಿರೂಪಾಕ್ಷಪ್ಪನವರಿಗೆ ಅಜ್ಜನಾಗಿ ಮೂರು ವಾರವಾಗಿತ್ತಷ್ಟೆ. ಕೂಸಿನ ಬೆರಳು ಹಿಡಿಯದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಐದು ತಿಂಗಳ ಬಾಣಂತನದಲ್ಲಿ ಒಂದು ದಿನವನ್ನೂ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ಹಾಗಾಗಿ ಪಾತ್ರೆ ಬಾಡಿಗೆಗೆ ಕೊಡುವ ಬೈಲಪ್ಪನ ಅಂಗಡಿಯಿಂದ ದೊಡ್ಡದೊಂದು ಹಂಡೆ ಬಂತು. ಹೆಸರಿಗೆ ತಾಮ್ರ, ಬಣ್ಣದಲ್ಲಿ ಎಮ್ಮೆ.

ವಿರೂಪಾಕ್ಷಪ್ಪ ಚನ್ನಗಿರಿಯಲ್ಲಿ ಪತ್ರ ಬರಹಗಾರರು. ಯಾರ ಜಮೀನಿನ ಕ್ರಯಪತ್ರವಾದರೂ ಸರಿ, ಹಿಂದಿನ ಹದಿಮೂರು ವರ್ಷದಲ್ಲಿ ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂದು ನೋಡದೆ ಪೆನ್ನಿನ ಮುಚ್ಚಳ ತೆಗೆಯುವವರಲ್ಲ. ಮಣ್ಣಿಗೇ ಇಷ್ಟು ವಿಚಾರಣೆಯಾದರೆ ಮಗಳ ತಲೆಯ ಮೇಲೆ ಬೀಳುವ ನೀರಿಗೆ ಬೇಡವೇ? ಹೆಂಡತಿ ಕೊಟ್ರಮ್ಮ ಹುಣಸೆಹಣ್ಣು, ಬೂದಿ ತಂದಿಟ್ಟು ಸುಮ್ಮನೆ ತಿಕ್ಕಿರಿ ಎಂದರು.

"ಏನು ಹೋಗಬೇಕು ಅಂತ ಗೊತ್ತಿಲ್ದೆ ಹೆಂಗೆ ತಿಕ್ಕಲಿ?" ಎಂದು ಇವರು ಚಪ್ಪಲಿ ಮೆಟ್ಟಿದರು.

ಹೋದ ವಾರ ಹಂಡೆ ಕಲ್ಲೇಶಪ್ಪನ ಮನೆಗೆ ಅಡಿಕೆ ಬೇಯಿಸಲು ಹೋಗಿತ್ತು ಎಂದು ಬೈಲಪ್ಪ ಹೇಳಿದ. ಕಲ್ಲೇಶಪ್ಪನನ್ನು ಅಡಿಕೆ ಮಂಡಿಯಲ್ಲಿ ಹಿಡಿದು ಕೇಳಿದರೆ, ಒಳಗಿನ ಕಪ್ಪು ತಾನು ಅಡಿಕೆ ಬೇಯಿಸಿದ ನೀರಿನ ಚೊಗರೇ ಹೌದು, ಆದರೆ ವಾಸನೆ ತನ್ನದಲ್ಲ, ತನಗಿಂತ ಮುಂಚೆ ತಂದಿದ್ದ ಬಂಗಾರಮ್ಮನದು ಎಂದು ಕೈತೊಳೆದುಕೊಂಡ. ಬಂಗಾರಮ್ಮ, ಎಮ್ಮೆಗೆ ಕಾಲುಬಾಯಿ ಬೇನೆ ಬಂದಾಗ ಅದರಲ್ಲಿ ಬೇವಿನ ಸೊಪ್ಪು ಕುದಿಸಿದ್ದು ನಿಜವೆಂದು ಒಪ್ಪಿಕೊಂಡಳು.

"ಎಮ್ಮೆ ಹಂಡೆಯೊಳಗೆ ಕಾಲು ಇಟ್ಟಿತ್ತೇನಮ್ಮ?" ವಿರೂಪಾಕ್ಷಪ್ಪ ವಕೀಲರಂತೆ ಕೇಳಿದರು.

"ಛೆ, ಕಾಲು ಇಡಲಿಲ್ಲ ಸ್ವಾಮಿ. ಮೂತಿ ಇಟ್ಟಿತ್ತು."

ಇದಕ್ಕಿಂತ ಕಾಲೇ ವಾಸಿಯಿತ್ತು ಎನಿಸಿತು ಅವರಿಗೆ. ಇನ್ನೂ ಹಿಂದಕ್ಕೆ ಹೋಗಿ ನೋಡುವ ಕುತೂಹಲ ಕಾಲನ್ನು ಎಳೆಯುತ್ತಿತ್ತು. ಆದರೆ ಹನ್ನೊಂದು ಗಂಟೆ ಹೊಡೆದಿತ್ತು, ಮನೆಗೆ ತಿರುಗಿದರು.

ಎಮ್ಮೆಯ ಮೂತಿಯ ಸುದ್ದಿ ಅವರಿಗಿಂತ ಮುಂಚೆ ಹಿತ್ತಲು ತಲುಪಿತ್ತು. ಪಕ್ಕದ ಮನೆಯ ಭೀಮಕ್ಕ, ನಂಜಿಗೆಲ್ಲ ಸುಣ್ಣವೇ ಮದ್ದೆಂದು ಹಂಡೆಯೊಳಗೆ ಬೊಗಸೆ ಸುಣ್ಣ ಬಳಿದು ನೀರು ಚಿಮುಕಿಸಿದ್ದಳು. ಅಡಿಕೆಯ ಚೊಗರಿಗೆ ಸುಣ್ಣ ಸೇರಿದರೆ ಏನಾಗುತ್ತದೆಂದು ಎಲೆ ಹಾಕುವವರಿಗೆ ಹೇಳಬೇಕಿಲ್ಲ. ಇಡೀ ಊರು ಸೇರಿ ಹಂಡೆಗೆ ಉಗಿದಂತಿತ್ತು. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಕಂಪೌಂಡರ್ ಮುರುಗೇಶಪ್ಪ ಬಾವಿಗೆ ಹಾಕುವ ನೇರಳೆ ಹರಳು ತಂದು ಸುರಿದರು. ಕೆಂಪು ಹೋಗಿ ನೀರು ಬದನೆಕಾಯಿಯ ಬಣ್ಣಕ್ಕೆ ಬಂತು. ಒಬ್ಬರು ಸುಣ್ಣ ಸಾಲದೆಂದರು, ಇನ್ನೊಬ್ಬರು ಹರಳು ಸಾಲದೆಂದರು. ಕೊಟ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು, ಅತ್ತರೋ ನಕ್ಕರೋ ತಿಳಿಯಲಿಲ್ಲ.

ಕಡೆಗೆ ವಿರೂಪಾಕ್ಷಪ್ಪ ಇಬ್ಬರಿಗೂ ಕೈ ಮುಗಿದು ಕಳಿಸಿ, ಪಂಚೆ ಎತ್ತಿ ಕಟ್ಟಿ ತಾವೇ ಕೂತರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಹೊರಗೆ, ಒಳಗೆ, ತಳಕ್ಕೆ. ಎರಡು ಸಲ ನೀರು ಕುದಿಸಿ ಚೆಲ್ಲಿದರು. ಹಬೆಗೆ ಕನ್ನಡಕ ಮಂಜಾಗಿ ಜೇಬು ಸೇರಿತು. ಕಂಠದ ಕೆಳಗೆ ಬೆರಳಾಡಿಸಿದಾಗ ಸಾಲಾಗಿ ಸಣ್ಣ ಸಣ್ಣ ತೂತಿನಂಥ ಗುಳಿಗಳು ಸಿಕ್ಕವು. ಕೊಳೆ ಅಡಗುವುದೇ ಇಂಥ ಜಾಗದಲ್ಲಿ ಎಂದುಕೊಂಡು, ಹೆಂಡತಿಯ ಪಿನ್ನು ಈಸಿಕೊಂಡು, ತಡಕಾಡುತ್ತ ಒಂದೊಂದನ್ನೂ ಕೆದಕಿ ತೆಗೆದರು. ಬೆರಳುಗಳೆಲ್ಲ ಕೆಂಪಗಾಗಿದ್ದವು, ಹಂಡೆ ಮಾತ್ರ ಹೊಸ ಮದುಮಗಳಂತೆ ಹೊಳೆಯಿತು.

ಎರಡು ಗಂಟೆಗೆ ಕಾರು ಬಂತು. ಸರ್ವಮಂಗಳಮ್ಮ ಕಾಲು ತೊಳೆದವರೇ ನೇರ ಬಚ್ಚಲಿಗೆ ಹೋದರು. ಹಂಡೆಗೆ ಮೂಗು ಒಡ್ಡಿ ನೋಡಿದರು. ನೀರನ್ನು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದರು, ಮೊಣಕೈ ಅದ್ದಿ ಬಿಸಿ ನೋಡಿದರು, ನೆಲ ಜಾರುತ್ತದೋ ಎಂದು ಪಾದ ಉಜ್ಜಿ ನೋಡಿದರು.

"ನಮ್ಮನೇಲೂ ಇಷ್ಟು ಚೊಕ್ಕ ಇಲ್ಲ ಬೀಗ್ರೇ. ಕೂಸು ಇಲ್ಲೇ ಇರ್ಲಿ. ಕಾರು ಖಾಲಿ ಹೋದ್ರೂ ಚಿಂತಿಲ್ಲ."

ನೀರೆರೆದದ್ದಾಯಿತು, ಬಾಣಂತಿಯೂ ಕೂಸೂ ಹೊದ್ದು ಮಲಗಿದ್ದಾಯಿತು. ಅಲ್ಲಿಗೆ ಸುಮ್ಮನಿದ್ದರೆ ಗೆದ್ದಂತೆಯೇ. ಆದರೆ ಕಾಫಿ ಕುಡಿಯುತ್ತ ವಿರೂಪಾಕ್ಷಪ್ಪನವರಿಗೆ ನಾಲಗೆ ತುರಿಸಿತು. ಹಂಡೆಯ ಮೂಲ ಹಿಡಿದು ಮೂರು ಕೈ ಹಿಂದಕ್ಕೆ ಹೋದ ಕತೆಯನ್ನು ರಸವತ್ತಾಗಿ ಹೇಳಿದರು. ಸಾಲದ್ದಕ್ಕೆ ಬೀಗಿತಿಯನ್ನು ಬಚ್ಚಲಿಗೆ ಕರೆದೊಯ್ದು, ಗುಳಿಗಳ ಸಾಲನ್ನೂ ಬಿಟ್ಟಿಲ್ಲವೆಂದು ತೋರಿಸಲು ಗೋಡೆಯ ಕಡೆಗಿದ್ದ ಮಗ್ಗುಲನ್ನು ಬಾಗಿಲ ಬೆಳಕಿಗೆ ತಿರುಗಿಸಿದರು.

ಸರ್ವಮಂಗಳಮ್ಮ ಬಗ್ಗಿ ನೋಡಿದರು. ಆಮೇಲೆ ಗುಳಿಗಳ ಮೇಲೆ ಮೆಲ್ಲಗೆ ಬೆರಳಾಡಿಸಿ ಓದಿದರು. "ಶಂಕರಮ್ಮ, ಹೊನ್ನಾಳಿ."

ವಿರೂಪಾಕ್ಷಪ್ಪ ಕನ್ನಡಕ ಹಾಕಿಕೊಂಡರು. ಗುಳಿಗಳಲ್ಲಿ ಹೆಸರು ಹಾಗೆಯೇ ಕೊರೆದಿತ್ತು.

"ನಮ್ಮತ್ತೆ ಹಂಡೆ ಇದು. ನಮ್ಮನೆ ಬಾಣಂತೇರೆಲ್ಲ ಇದರ ನೀರಲ್ಲೇ ಎದ್ದೋರು. ಯಾರದೋ ಮದುವೆಗೆ ಅಂತ ಒಯ್ದೋರು ವಾಪಸ್ ತರಲಿಲ್ಲ. ಇದು ಕೈಬಿಟ್ಟು ಹೋದ ವರ್ಷಾನೇ ನನ್ನ ಮಗಳಿಗೆ ನಂಜೇರಿದ್ದು." ಆಕೆಯ ಕಣ್ಣು ತುಂಬಿ ಬಂತು. "ಮೂರು ಕೈ ಹಿಂದಕ್ಕೆ ಹೋಗಿದ್ರಲ್ಲ ಬೀಗ್ರೇ, ಇನ್ನೊಂದು ಕೈ ಹೋಗಿದ್ರೆ ನಮ್ಮನೆಗೇ ಬರ್ತಿದ್ರಿ. ಅದಾಗೇ ಸೊಸೇನ ಹುಡುಕ್ಕೊಂಡು ಬಂದೈತೆ. ಇನ್ನು ಹಂಡೇನೂ ಸೊಸೇನೂ ಅಗಲಿಸಬಾರದು, ಎರಡೂ ನಮ್ಮನೆಗೇ ಬರ್ಲಿ."

ಅಳುವ ಹೆಂಗಸಿನ ಮುಂದೆ, ಅದೂ ಮೂಲ ವಾರಸುದಾರಳ ಮುಂದೆ, ಮೂವತ್ತು ವರ್ಷ ಪತ್ರ ಬರೆದ ಮನುಷ್ಯನಿಗೆ ಒಂದು ತಕರಾರೂ ಹೊಳೆಯಲಿಲ್ಲ. ಸಂಜೆ ಕಾರಿನ ಒಳಗೆ ಮಗಳು, ಕೂಸು. ಮೇಲೆ ಹಗ್ಗ ಬಿಗಿದ ಹಂಡೆ. ಕೂಸು ಅಜ್ಜನ ಕೆಂಪು ಬೆರಳನ್ನು ಬಿಡಲೊಲ್ಲದೆ ಹಿಡಿದಿತ್ತು, ಅವರೇ ಬಿಡಿಸಿಕೊಳ್ಳಬೇಕಾಯಿತು.

ಖಾಲಿ ತೊಟ್ಟಿಲ ಪಕ್ಕ ಅವರು ಕೂತಿದ್ದಾಗ ಬೈಲಪ್ಪ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಬೆಳಿಗ್ಗೆಯ ಚೀಟಿಯಿತ್ತು. 'ಪಡೆದ ಮಾಲನ್ನು ಈ ದಿನವೇ ತಪ್ಪದೆ ಒಪ್ಪಿಸತಕ್ಕದ್ದು' ಎಂದು ವಿರೂಪಾಕ್ಷಪ್ಪನವರೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಿದ್ದರು.

"ಹಂಡೆ ಎಲ್ಲೈತೆ ಸ್ವಾಮಿ?"

ಅವರು ತೊಟ್ಟಿಲನ್ನು ಒಮ್ಮೆ ತೂಗಿದರು.

"ಹೊನ್ನಾಳಿಗೆ ಬಾಣಂತನಕ್ಕೆ ಹೋಗೈತೆ ಕಣಪ್ಪ. ಐದು ತಿಂಗಳು ಬಿಟ್ಟು ಬಾ."