ವೇಗ: ಗೊತ್ತಿಲ್ಲ

ಎಲ್ಲ ರಾದ್ಧಾಂತಕ್ಕೂ ಕಾರಣ ಗೋಡೆಯ ಮೇಲಿದ್ದ ಆ ಟಿ.ವಿ.

ಕಂಪನಿ ಚಿಕ್ಕದು. ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ಕಾರ್ಡುಗಳನ್ನು ತಯಾರಿಸುತ್ತಿತ್ತು. ಬಂದವರ ಕಣ್ಣಿಗೆ ಮೊದಲು ಬೀಳಲೆಂದು ಮ್ಯಾನೇಜರ್ ಸಾಹೇಬರು ಬಾಗಿಲ ಎದುರಿಗೇ ದೊಡ್ಡ ಟಿ.ವಿ.ಯೊಂದನ್ನು ತಗುಲಿಹಾಕಿಸಿ, ಆಫೀಸಿನ ನೆಟ್ ಎಷ್ಟು ವೇಗದಲ್ಲಿ ಓಡುತ್ತಿದೆಯೆಂದು ಅದರಲ್ಲಿ ತೋರಿಸುವ ಏರ್ಪಾಡು ಮಾಡಿದ್ದರು. ಹಳೆಯ ಕಾರ್ಡು ಇದ್ದಷ್ಟು ದಿನ ಅದು ಮರ್ಯಾದೆಯಿಂದ ‘ವೇಗ: ಹತ್ತು ಗಿಗಾಬಿಟ್’ ಎನ್ನುತ್ತಿತ್ತು. ಇಡೀ ಆಫೀಸಿಗೆ ನೆಟ್ ಹಂಚುವ ಕಂಪ್ಯೂಟರಿಗೆ ಕಂಪನಿಯದೇ ಹೊಚ್ಚಹೊಸ ಕಾರ್ಡು ಕೂರಿಸಿದ ದಿನದಿಂದ ‘ವೇಗ: ಗೊತ್ತಿಲ್ಲ’ ಎನ್ನತೊಡಗಿತು. ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ನಿನ್ನೆ ಹೆಡ್ಡಾಫೀಸಿನ ದೊಡ್ಡ ಸಾಹೇಬರು ಬಂದು, ಕನ್ನಡಕ ಏರಿಸಿ ಅದನ್ನು ಓದಿ, “ನಾವೇ ಮಾಡಿದ ಕಾರ್ಡು, ಅದರ ಸ್ಪೀಡು ನಮಗೇ ಗೊತ್ತಿಲ್ವೇನ್ರೀ?” ಎಂದು ಕೇಳಿಬಿಟ್ಟರು.

ಇವತ್ತು ಬೆಳಿಗ್ಗೆ ಮ್ಯಾನೇಜರ್ ಸಾಹೇಬರು ಆ ಪ್ರಶ್ನೆಯನ್ನು ಹಾಗೇ ಎತ್ತಿ ಡ್ರೈವರನ ತಲೆಗೆ ಕಟ್ಟಿದರು.

ಡ್ರೈವರ್ ಎಂದರೆ ಗಾಡಿ ಓಡಿಸುವವನಲ್ಲ. ಕಾರ್ಡು ಹೇಳಿದ್ದನ್ನು ಕಂಪ್ಯೂಟರಿಗೆ, ಕಂಪ್ಯೂಟರ್ ಹೇಳಿದ್ದನ್ನು ಕಾರ್ಡಿಗೆ ದಾಟಿಸುವ ಪ್ರೋಗ್ರಾಮಿಗೆ ಆ ಹೆಸರು. ಅದನ್ನು ಬರೆಯುತ್ತಿದ್ದ ತಪ್ಪಿಗೆ ಇವನಿಗೂ ಅದೇ ಹೆಸರು ಅಂಟಿಕೊಂಡಿತ್ತು. ಹೆಂಡತಿಯ ಕಡೆಯ ನೆಂಟರಲ್ಲಿ ಅರ್ಧ ಜನ ಇವನು ಲಾರಿ ಓಡಿಸುತ್ತಾನೆಂದೇ ನಂಬಿದ್ದರು. ಇನ್ನರ್ಧ ಜನ, ಓಡಿಸಿದ್ದರೆ ಇಷ್ಟು ಹೊತ್ತಿಗೆ ಕೆಲಸ ಖಾಯಂ ಆಗಿರುತ್ತಿತ್ತು ಎನ್ನುತ್ತಿದ್ದರು.

ಖಾಯಂ ಆಗದಿದ್ದುದೇ ಅವನ ದೊಡ್ಡ ಸಂಕಟ. ಅದಕ್ಕಿಂತ ದೊಡ್ಡ ಸಂಕಟ ಮನೆಯಲ್ಲಿತ್ತು: ಮಾವ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವರು, ಅಳಿಯನ ಕೆಲಸದ ಸ್ಥಿತಿ ಕೇಳಿ, “ನಿಮ್ಮದು ಖಾಯಂ ಆಗೋ ತನಕ ನನ್ನ ಮಗಳನ್ನ ಬಿಟ್ಟು ಹೇಗೆ ಹೋಗ್ಲಿ ಅಳಿಯಂದ್ರೇ?” ಎಂದು ತಳವೂರಿಬಿಟ್ಟಿದ್ದರು. ಮನೆಯಲ್ಲಿದ್ದ ಒಂದೇ ಒಂದು ಆರಾಮ ಕುರ್ಚಿ ಈಗ ಅವರದು. ರಿಮೋಟು ಅವರ ತೊಡೆಯ ಕೆಳಗೆ. ಕರೆಂಟು ಉಳಿಸುವ ಹುಮ್ಮಸ್ಸಿನಲ್ಲಿ, ಇವನು ಕೋಣೆಯೊಳಗೆ ಕೂತು ಓದುತ್ತಿರುವಾಗಲೇ ದೀಪ ಆರಿಸಿ ಹೋಗುತ್ತಿದ್ದರು.

“ಸರ್, ಕಾರ್ಡು ಈಗ್ಲೇ ಇಪ್ಪತ್ತೈದರಲ್ಲಿ ಓಡ್ತಿದೆ,” ಎಂದು ಡ್ರೈವರ್ ಬಿಡಿಸಿ ಹೇಳಲು ನೋಡಿದ. “ಡ್ರೈವರ್ ಒಳಗೆ ಹತ್ತರ ತನಕ ಮಾತ್ರ ಬರೆದಿದೆ. ಮೇಲಿನದನ್ನ ಏನಂತ ಕರೀಬೇಕು ಅಂತ ಅದಕ್ಕೆ ತಿಳೀದೆ...”

“ನಿಮ್ಮ ಪುರಾಣ ಬೇಡ ರೀ. ಹೊಸ ಸ್ಪೀಡ್ ಸೇರಿಸಿ. ಇವತ್ತು ಆ ಟಿ.ವಿ. ಬಾಯಿಬಿಟ್ರೆ, ಇವತ್ತೇ ನಿಮ್ಮನ್ನ ಖಾಯಂ ಮಾಡೋಕೆ ಬರೀತೀನಿ. ಸಾಕಾ?”

ಸಾಕೇ ಎಂದರೆ! ಡ್ರೈವರಿಗೆ ಆರಾಮ ಕುರ್ಚಿ ಖಾಲಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಕೆಲಸ ದೊಡ್ಡದೇನಲ್ಲ. ಕಾರ್ಡು ಒಂದು ಸಂಕೇತ ಕೊಡುತ್ತದೆ. ಯಾವ ಸಂಕೇತಕ್ಕೆ ಯಾವ ವೇಗ ಎಂಬ ಸಾಲುಗಳಿಗೆ ಇಪ್ಪತ್ತೈದು, ಐವತ್ತು, ನೂರು ಎಂದು ಸೇರಿಸಿದರಾಯಿತು. ಆದರೆ ಒಂದು ಸಾಲು ಬರೆಯುವಷ್ಟರಲ್ಲಿ ಮಾವನ ಫೋನು.

“ಅಳಿಯಂದ್ರೇ, ಏನಾದ್ರೂ ಆಯ್ತಾ?”

“ಇವತ್ತು ಆಗಬಹುದು ಮಾವ.”

“ಇವತ್ತೇನಾ?” ಮಾವನ ದನಿಯ ಹುರುಪು ಇಳಿಯಿತು. “ಅವಸರ ಮಾಡ್ಕೋಬೇಡಿ. ನಿಧಾನಕ್ಕೆ ಆಗ್ಲಿ.”

ಹೊಸ ಡ್ರೈವರ್ ಹಾಕಬೇಕಾದರೆ ಹಳೆಯದನ್ನು ತೆಗೆಯಬೇಕು. ತೆಗೆದರೆ ಅಷ್ಟು ಹೊತ್ತು ಇಡೀ ಆಫೀಸಿಗೆ ನೆಟ್ ಇಲ್ಲ. ತೆಗೆದದ್ದೇ ತಡ, ಎಲ್ಲರೂ ಅವನ ಮೇಜಿನ ಸುತ್ತ ಇರುವೆಯಂತೆ ಮುತ್ತಿದರು. ಲೆಕ್ಕಪತ್ರ ನೋಡುವ ಅಕ್ಕ, “ಒಂದ್ಸಲ ಆಫ್ ಮಾಡಿ ಆನ್ ಮಾಡಪ್ಪ, ನಮ್ಮನೆ ಮಿಕ್ಸಿ ಹಾಗೇ ಸರಿಹೋಗಿದ್ದು,” ಎಂದರು. ಮಾರಾಟ ವಿಭಾಗದ ಮಾತಿನಮಲ್ಲ, “ಧೂಳು ಗುರೂ, ಬರೀ ಧೂಳು,” ಎಂದು ತೀರ್ಪು ಕೊಟ್ಟ.

ಡ್ರೈವರ್ ಹೊಸದನ್ನು ಹಾಕಿದ. ಟಿ.ವಿ.ಯಲ್ಲಿ ‘ಲಿಂಕ್ ಇಲ್ಲ’ ಎಂದು ಬಂತು.

ಅವನು ತಾನು ಬರೆದ ಸಾಲನ್ನೆಲ್ಲ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ. ಲಿಂಕ್ ಹೋಗುವಂಥ ತಪ್ಪೇನೂ ಸಿಗಲಿಲ್ಲ. ಮತ್ತೆ ತೆಗೆದು ಮತ್ತೆ ಹಾಕಿದ. ಲಿಂಕ್ ಇಲ್ಲ. ಸಾಹೇಬರು ಗಡಿಯಾರ ನೋಡುತ್ತ ಶತಪಥ ಹಾಕುತ್ತಿದ್ದರು. ಕಡೆಗೆ ಯಾವುದೋ ಊದುವ ಸದ್ದು ಕೇಳಿ ಡ್ರೈವರ್ ತಿರುಗಿ ನೋಡಿದರೆ, ಮಾತಿನಮಲ್ಲ ಕಂಪ್ಯೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಿತ್ತ ಕೇಬಲ್ಲಿನ ತುದಿಯನ್ನು ಕೊಳಲಿನಂತೆ ಬಾಯಿಗೆ ಹಿಡಿದು ಭಕ್ತಿಯಿಂದ ಊದುತ್ತಿದ್ದ.

“ಅದನ್ನ ಯಾವಾಗ ಕಿತ್ರಿ?”

“ಆಗ್ಲೇ. ನಿನಗೆ ಸಹಾಯ ಆಗ್ಲಿ ಅಂತ.”

ಕೇಬಲ್ ಸಿಕ್ಕಿಸಿದ ಕೂಡಲೇ ಟಿ.ವಿ. ಬಾಯಿಬಿಟ್ಟಿತು: ‘ವೇಗ: ನೂರು ಗಿಗಾಬಿಟ್’.

“ನೂರು!” ಸಾಹೇಬರು ಚಪ್ಪಾಳೆ ಹೊಡೆದರು.

“ಇಲ್ಲ ಸರ್, ಅದು ತಪ್ಪು. ಸಾಲು ಮೇಲೆಕೆಳಗೆ ಆಗಿದೆ. ನಿಜವಾಗಿ ಇರೋದು ಇಪ್ಪತ್ತೈದೇ.”

“ಇರ್ಲಿ ಬಿಡ್ರೀ, ನೂರು ನೋಡೋಕೆ ಎಷ್ಟು ಚೆನ್ನಾಗಿದೆ!”

ಬೇರೆ ಎಲ್ಲದಕ್ಕೂ ತಲೆಯಾಡಿಸುವ ಡ್ರೈವರ್ ಇದಕ್ಕೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ತಿದ್ದಿ, ಮತ್ತೆ ಹಾಕಿ, ಇಪ್ಪತ್ತೈದು ಬರಿಸಿದ. ಸಾಹೇಬರು ಮುಖ ಸಣ್ಣ ಮಾಡಿಕೊಂಡರೂ ಟಿ.ವಿ.ಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೆಡ್ಡಾಫೀಸಿಗೆ ಕಳಿಸಿದರು. ಆಫೀಸಿನಲ್ಲಿ ಸಂಭ್ರಮ. “ಅಬ್ಬಾ, ಬೆಳಿಗ್ಗೆಗೂ ಈಗಕ್ಕೂ ಅಜಗಜಾಂತರ!” ಎಂದರು ಅಕ್ಕ. “ಒತ್ತೋಕೆ ಮುಂಚೆನೇ ತೆರ್ಕೊಳ್ತಿದೆ ಗುರೂ,” ಎಂದ ಮಾತಿನಮಲ್ಲ. ಬೆಳಿಗ್ಗೆಯೂ ಇದೇ ವೇಗ ಇತ್ತೆಂದು ಹೇಳಬೇಕೆಂದು ಡ್ರೈವರಿಗೆ ನಾಲಿಗೆ ತುದಿಗೆ ಬಂತು. ನುಂಗಿಕೊಂಡ. ಖಾಯಂ ಆಗುವವನಿಗೆ ಅಷ್ಟು ಬುದ್ಧಿ ಇರಬೇಕು.

ಮಾವನಿಗೆ ತಾನೇ ಫೋನು ಮಾಡಿದ. “ಮಾವ, ಆದ ಹಾಗೇ. ಸಂಜೆ ಬರೀತಾರಂತೆ.”

“ಒಳ್ಳೇದಾಯ್ತು,” ಎಂದರು ಮಾವ. ಆಮೇಲೆ, “ಹಾಗಾದ್ರೆ ಬ್ಯಾಗು ಕಟ್ಕೋತೀನಿ,” ಎಂದರು. ಡ್ರೈವರಿಗೆ ಅದಕ್ಕಿಂತ ಇಂಪಾದ ಮಾತು ಈಚೆಗೆ ಯಾವುದೂ ಕಿವಿಗೆ ಬಿದ್ದಿರಲಿಲ್ಲ.

ಊಟದ ನಂತರ ಅಕ್ಕ ಸ್ಟೇಪ್ಲರ್ ಕೇಳುವ ನೆಪದಲ್ಲಿ ಬಂದರು. ಅವರ ಕೈಯಲ್ಲೇ ಒಂದು ಸ್ಟೇಪ್ಲರ್ ಇತ್ತು.

“ತಮ್ಮಾ, ನನ್ನ ಮೇಜಿಗೆ ಬರೋದನ್ನ ಮಾತ್ರ ಸ್ವಲ್ಪ ನಿಧಾನ ಮಾಡೋಕಾಗತ್ತಾ?”

“ಯಾಕಕ್ಕಾ?”

“ವರದಿ ಎಲ್ಲಿ ಅಂತ ಕೇಳಿದಾಗೆಲ್ಲ ಲಿಂಕ್ ಸ್ಲೋ ಅಂತಿದ್ದೆ. ಈಗ ಸಾಹೇಬ್ರು ಬಾಯಲ್ಲಿ ಮಾತಾಡಲ್ಲ, ಟಿ.ವಿ. ಕಡೆ ಬೆರಳು ತೋರಿಸ್ತಾರೆ.”

ಅವರು ಹೋದ ಬೆನ್ನಿಗೇ ಮಾತಿನಮಲ್ಲ. ಬೆಳಿಗ್ಗೆ ಊದಿದ ಬಾಯಲ್ಲೇ ಈಗ ಪಿಸುಗುಟ್ಟಿದ. “ಗುರೂ, ಗಿರಾಕಿಗಳಿಗೆಲ್ಲ ಮೇಲ್ ಬಂದೇ ಇಲ್ಲ, ಲಿಂಕ್ ಸ್ಲೋ ಅಂತ ಹೇಳಿಟ್ಟಿದ್ದೆ. ಒಬ್ಬ ಇಲ್ಲಿಗೇ ಬಂದು ಟಿ.ವಿ. ನೋಡ್ಬಿಟ್ಟ. ಏನಾದ್ರೂ ಮಾಡು, ನನ್ನ ಮಾನ ಉಳಿಸು.”

ಅವನೂ ಹೋದ ಮೇಲೆ ಸಾಹೇಬರು ಕೋಣೆಗೆ ಕರೆಸಿದರು. ಸಹಿ ಮಾಡಲೆಂದೇ ಕರೆದಿದ್ದಾರೆಂದು ಡ್ರೈವರ್ ಕ್ರಾಪು ಸರಿಪಡಿಸಿಕೊಂಡು ಹೋದ. ಸಾಹೇಬರು ಬಾಗಿಲು ಹಾಕಿದರು.

“ಫೋಟೊ ನೋಡಿ ದೊಡ್ಡ ಸಾಹೇಬ್ರು ಫೋನ್ ಮಾಡಿದ್ರು ರೀ. ಇಷ್ಟು ಸ್ಪೀಡ್ ಇದ್ಮೇಲೆ ನಾಳೆಯಿಂದ ಬೆಳಗಿನ ಮೀಟಿಂಗಿಗೆ ಕ್ಯಾಮೆರಾ ಆನ್ ಮಾಡ್ಕೊಂಡೇ ಕೂರಬೇಕಂತೆ, ಇಲ್ಲಿಂದಲೇ.”

“ಕೂತ್ಕೊಳಿ ಸರ್. ಅದಕ್ಕೇನು?”

“ಏನಾ? ಇಷ್ಟು ದಿನ ಆಫೀಸಿನ ಲಿಂಕ್ ಸ್ಲೋ, ವಿಡಿಯೊ ಎಳೆಯಲ್ಲ ಅಂತ ಹೇಳಿ ಮನೇಲಿ ಹಾಸಿಗೆ ಮೇಲಿಂದ ಮಾತಾಡ್ತಿದ್ದೆ ಕಣ್ರೀ!” ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತರು. “ಕಂಬಳಿ ಹೊದ್ಕೊಂಡು. ಆ ಸುಖ ನಿಮಗೆ ಗೊತ್ತಾ? ತೆಗೀರಿ ಅದನ್ನ. ಈಗ್ಲೇ ತೆಗೀರಿ.”

“ದೊಡ್ಡ ಸಾಹೇಬ್ರು ಕೇಳಿದ್ರೆ?”

“ಇನ್ನೂ ಪರೀಕ್ಷೆ ನಡೀತಿದೆ ಅಂತೀನಿ. ನೀವು ತೆಗೀರಿ ಮೊದ್ಲು.”

ಡ್ರೈವರ್ ತೆಗೆದ. ಹಳೆಯದನ್ನು ಹಾಕಿದ. ಟಿ.ವಿ. ಮತ್ತೆ ‘ವೇಗ: ಗೊತ್ತಿಲ್ಲ’ ಎಂದಿತು. ಇಡೀ ಆಫೀಸು ಬಿಗಿಯಾದ ಚಪ್ಪಲಿ ಕಳಚಿದಂತೆ ನಿಟ್ಟುಸಿರು ಬಿಟ್ಟಿತು. “ನೋಡಿ, ಆಗ್ಲೇ ಎಷ್ಟು ನಿಧಾನ ಆಗೋಯ್ತು!” ಎಂದು ಅಕ್ಕ ನಗುನಗುತ್ತಾ ವರದಿಯನ್ನು ಪಕ್ಕಕ್ಕೆ ಸರಿಸಿದರು. ಒಳಗೆ ಕಾರ್ಡು ಮಾತ್ರ ಬೆಳಗಿನಂತೆಯೇ, ಮಧ್ಯಾಹ್ನದಂತೆಯೇ, ಇಪ್ಪತ್ತೈದರಲ್ಲಿ ಓಡುತ್ತಿತ್ತು.

“ಸರ್, ನನ್ನ ಖಾಯಂ ವಿಷಯ...”

ಸಾಹೇಬರು ತುಂಬ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟರು. “ಬರೀಬೇಕು ಅಂತಲೇ ಕೂತೆ ರೀ. ಆದ್ರೆ ಏನಂತ ಬರೀಲಿ? ಬೆಳಿಗ್ಗೆ ಹೇಗಿತ್ತೋ ಸಂಜೆನೂ ಹಾಗೇ ಇದೆ. ಇಡೀ ದಿನ ಏನು ಮಾಡಿದ್ರು ಅಂತ ಮೇಲಿನವರು ಕೇಳಲ್ವಾ?”

ಮನೆಗೆ ಹೋಗುವ ಬಸ್ಸಿನಲ್ಲಿ ಅವನಿಗೆ ಅಳು ಬರುವುದೊಂದು ಬಾಕಿ. ಕೆಲಸ ಹೋಗಲಿ, ಕುರ್ಚಿಯೂ ಹೋಗಲಿ, ಈಗ ಮಾವನ ಮುಂದೆ ನಿಂತು ಆಗಲಿಲ್ಲ ಎಂದು ಹೇಳುವುದು ಹೇಗೆ? ಮಧ್ಯಾಹ್ನ ತಾನೇ ಫೋನು ಮಾಡಿ ಜಂಬ ಕೊಚ್ಚಿಕೊಂಡಿದ್ದನ್ನು ನೆನೆದರೆ ಮುಂದಿನ ಸ್ಟಾಪಿನಲ್ಲೇ ಇಳಿದು ಓಡಿಹೋಗೋಣ ಎನಿಸುತ್ತಿತ್ತು.

ಮನೆಯ ನಡುಕೋಣೆಯಲ್ಲಿ ಮಾವನ ಬ್ಯಾಗು ತುಂಬಿ ಕೂತಿತ್ತು. ಅದರ ಪಕ್ಕದ ಸ್ಟೂಲಿನ ಮೇಲೆ, ಚಪ್ಪಲಿ ಮೆಟ್ಟಿಕೊಂಡು ಮಾವ. ಆರಾಮ ಕುರ್ಚಿ ಖಾಲಿಯಿತ್ತು. ಅವರ ಮುಖ ರಜೆ ಮುಗಿದ ಮಗುವಿನ ಮುಖದ ಹಾಗಿತ್ತು. ಡ್ರೈವರ್ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

“ಮಾವ, ತಪ್ಪು ತಿಳ್ಕೋಬೇಡಿ... ಖಾಯಂ ಆಗ್ಲಿಲ್ಲ.”

ಮಾವ ಎದ್ದು ನಿಂತರು. “ಆಗ್ಲಿಲ್ವಾ?”

“ಇಲ್ಲ ಮಾವ.”

“ಛೆ ಛೆ ಛೆ,” ಎಂದರು ಮಾವ. ಬಾಯಿ ಛೆ ಛೆ ಎನ್ನುತ್ತಿದ್ದರೆ ಕೈ ಆಗಲೇ ಬ್ಯಾಗಿನ ಜಿಪ್ಪು ಎಳೆದು ಅಂಗಿಗಳನ್ನು ಹೊರಗೆ ಹಾಕುತ್ತಿತ್ತು. “ಲೇ ಮಗಳೇ, ಆಗ್ಲಿಲ್ವಂತೆ! ನನ್ನ ಟವೆಲ್ಲು ಎಲ್ಲಿಟ್ಟೆ?”

ಒಳಗಿನಿಂದ ಹೆಂಡತಿ ಬಂದು ನಗು ತಡೆದುಕೊಳ್ಳುತ್ತಾ ಗಂಡನ ಕಿವಿಯಲ್ಲಿ ಹೇಳಿದಳು: “ಇಲ್ಲಿಂದ ಹೋದ್ರೆ ಅಣ್ಣ ಅವನ ಮನೇಲಿ ಅಪ್ಪನ್ನ ಬೆಳಗಾಗೋಕೆ ಮುಂಚೆ ಎಬ್ಬಿಸಿ ವಾಕಿಂಗ್ ಕಳಿಸ್ತಾನಂತೆ. ಕಾಫಿಗೆ ಸಕ್ಕರೆನೂ ಇಲ್ವಂತೆ. ಮಧ್ಯಾಹ್ನ ನಿಮ್ಮ ಫೋನ್ ಬಂದಾಗಿಂದ ಊಟ ಸರಿಯಾಗಿ ಮಾಡಿಲ್ಲ ಪಾಪ.”

ಮಾವ ಚಪ್ಪಲಿ ಕಳಚಿ, ಕುರ್ಚಿಗೆ ಒರಗಿ, ರಿಮೋಟನ್ನು ಅದರ ಜಾಗದಲ್ಲಿಟ್ಟುಕೊಂಡರು. ಆಮೇಲೆ ನೆನಪಾಗಿ ಕೇಳಿದರು. “ಅಂದ ಹಾಗೆ, ಯಾಕಂತೆ ಆಗ್ಲಿಲ್ಲ?”

ನಡೆದದ್ದನ್ನೆಲ್ಲ ಹೇಳಲು ಡ್ರೈವರಿಗೆ ತ್ರಾಣವಿರಲಿಲ್ಲ. ಬೈಗುಳ ತಪ್ಪಿದ್ದಕ್ಕೇ ಎದೆಯ ಮೇಲಿನ ಕಲ್ಲು ಇಳಿದಿತ್ತು. ನಿರಾಳವಾಗಿ ಬಾಯಿಗೆ ಬಂದದ್ದನ್ನು ಹೇಳಿದ.

“ಲಿಂಕ್ ಸ್ಲೋ, ಮಾವ.”

“ಇರ್ಲಿ ಬಿಡಿ,” ಎಂದರು ಮಾವ ಕಣ್ಣು ಮುಚ್ಚಿಕೊಂಡು. “ಅದು ಸ್ಲೋ ಆಗೇ ಇರ್ಲಿ.”

ಡ್ರೈವರ್ ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತ.