ಹಾಲ್‌ನಲ್ಲಿ ಹುಟ್ಟಿದ ವಿಮಾನ

"ಮಾಲಾ, ಇವತ್ತಿಂದ ನಮ್ಮನೆಯ ಈ ಹಾಲ್ ಬರೀ ಹಾಲ್ ಅಲ್ಲ, ವಿಮಾನ ಕಾರ್ಖಾನೆ!" ಎಂದು ಹೆಂಡತಿಯ ಮುಂದೆ ಘೋಷಿಸಿದೆ. ಶಿಕಾರಿಪುರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟು, ಸತ್ತ ಪಂಪ್‌ಸೆಟ್‌ಗಳಿಗೆಲ್ಲ ಪುನರ್ಜನ್ಮ ಕೊಟ್ಟ ತೀರ್ಥೇಶ ನಾನು! ಒಬ್ಬರೇ ಕೂರುವ ಪುಟ್ಟ ವಿಮಾನ ಯಾವ ಲೆಕ್ಕ? ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಪುಸ್ತಕ ನೋಡಿ ಜೋಡಿಸಿದರಾಯಿತು.

ಪೆಟ್ಟಿಗೆಗಳು ಬಂದವು. ಸೋಫಾ ಜಗಲಿಗೆ ಹೋಯಿತು, ಟಿವಿ ಅಡುಗೆಮನೆಗೆ ಹೋಯಿತು. ಮಾಲಾ ಮಾತ್ರ ಎಲ್ಲೂ ಹೋಗದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ನೀವು ಬಿಚ್ಚಿದ ಮಿಕ್ಸಿ ಇನ್ನೂ ಹಂಗೇ ಐತಲ್ಲ?"

"ಮಿಕ್ಸಿ ನೆಲದ ಯಂತ್ರ ಕಣೇ! ನನ್ನ ದೃಷ್ಟಿ ಈಗ ಆಕಾಶದ ಮೇಲೆ!"

ಎಡರೆಕ್ಕೆ ಎಷ್ಟು ಚೆನ್ನಾಗಿ ಬಂತೆಂದರೆ, ಅದೇ ಉಮೇದಿನಲ್ಲಿ ಇನ್ನೊಂದನ್ನೂ ಥೇಟ್ ಅದರಂತೆಯೇ ಮಾಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಮಾಲಾ ಎರಡನ್ನೂ ನೋಡಿದಳು.

"ಎರಡೂ ಒಂದೇ ಥರ ಐತಿ ಖರೆ. ಆದ್ರೆ ಎರಡೂ ಎಡಗಡೇದೇ ಅಲ್ವೇನ್ರೀ?"

ಓಡಿಹೋಗಿ ಪುಸ್ತಕದ ಚಿತ್ರ ನೋಡಿದೆ, ಎರಡೂ ಎಡವೇ!

"ಅಂದ್ರೆ ನಿಮ್ ವಿಮಾನಕ್ಕೆ ಬಲಾನೇ ಇಲ್ಲ ಅನ್ನಿ!"

ಆ ಎರಡನೇ ರೆಕ್ಕೆಗೆ ಬಡಿದ ರಿವೆಟ್ಟು ಮೊಳೆಗಳನ್ನೆಲ್ಲ ಒಂದೊಂದಾಗಿ ಕೊರೆದು ತೆಗೆದೆ. ಅಂದಿನಿಂದ ಅವಳು ಪುಸ್ತಕ ಓದಿ ಹೇಳುವುದು, ನಾನು ಜೋಡಿಸುವುದು ಎಂದಾಯಿತು. ರೆಕ್ಕೆಗೆ ಬಟ್ಟೆ ಹೊದಿಸಿ ಅವಳೇ ಇಸ್ತ್ರಿ ಹಾಕಿದಳು. ಬಿಸಿ ತಾಗಿದ್ದೇ ತಡ, ಸುಕ್ಕೆಲ್ಲ ಮಾಯವಾಗಿ ಬಟ್ಟೆ ಬಿಗಿಯಾಯಿತು. ಬೆರಳಿನಿಂದ ತಟ್ಟಿದರೆ ಢಂ ಎಂದಿತು! ಜಗಳಗಂಟರಾದ ನಾವಿಬ್ಬರೂ ಸರದಿಯಲ್ಲಿ ಮತ್ತೆ ಮತ್ತೆ ತಟ್ಟಿದೆವು.

ಬೇಸಿಗೆಯಲ್ಲಿ ವಿಮಾನವನ್ನು ಟ್ರ್ಯಾಕ್ಟರಿಗೇರಿಸಿ ಸೊರಬದ ಹೊಸಬಾಳೆಗೆ, ಮಾವನ ಊರಿಗೆ ಒಯ್ದೆವು. ಅಲ್ಲಿ ಕೆರೆ ಒಣಗಿ ಬಯಲಾಗಿತ್ತು. ಹಾರಲು ಸರ್ಕಾರದ ಅನುಮತಿ ಇನ್ನೂ ಬಂದಿರಲಿಲ್ಲ, ಎಂಜಿನ್ ಶುರು ಮಾಡಿ ನೋಡುವುದಷ್ಟೇ ಕಾರ್ಯಕ್ರಮ. ಚಕ್ರಗಳಿಗೆ ಕಲ್ಲು ಕೊಟ್ಟು, ಮಾಲಾಳನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದೆ.

"ಸುಮ್ನೆ ಕೂತ್ಕೋ. ಏನಾದ್ರೂ ಆದ್ರೆ ಈ ಸ್ವಿಚ್ ಆಫ್ ಮಾಡು."

ಈ ವಿಮಾನದ ಫ್ಯಾನು ಸೀಟಿನ ಹಿಂದಿದೆ. ಎಂಜಿನ್ ಶುರುವಾಗಲೆಂದು ಹಿಂದೆ ನಿಂತು ಅದನ್ನು ಕೈಯಿಂದ ಜೋರಾಗಿ ತಿರುಗಿಸಿದೆ. ವೇಗದ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿ ಬಿಟ್ಟಿದ್ದೆನೆಂಬುದು ಎಂಜಿನ್ ಗುಡುಗಿದಾಗಲೇ ಹೊಳೆದದ್ದು! ವಿಮಾನ ಕಲ್ಲುಗಳನ್ನು ಹತ್ತಿಳಿದು ಓಡಿತು. ನನ್ನ ಬಾಯಿ ತುಂಬ ಕೆರೆಯ ಧೂಳು. "ಆಫ್ ಮಾಡೇ!" ಎಂದು ಕಿರುಚುತ್ತ ವಿಮಾನದ ಹಿಂದೆ ನಾನು, "ನನ್ ಮಗಳೋ!" ಎಂದು ಕೂಗುತ್ತ ನನ್ನ ಹಿಂದೆ ಮಾವ ವೀರಬಸಪ್ಪ! ಗಾಬರಿಯಾದ ಮಾಲಾ ಎದುರಿಗಿದ್ದ, ವಿಮಾನ ಏರಿಸುವ ಕೋಲನ್ನೇ ಎದೆಗೆ ಎಳೆದುಕೊಂಡಳು.

ವಿಮಾನದ ಮೂತಿ ಎದ್ದಿತು. ಚಕ್ರಕ್ಕೂ ನೆಲಕ್ಕೂ ನಡುವೆ ಬೆಳಕು ಕಂಡಿತು.

ನನ್ನ ಕಾಲುಗಳು ತಾವಾಗಿಯೇ ನಿಂತವು. ಎರಡೂ ರೆಕ್ಕೆ ಬಿಸಿಲಲ್ಲಿ ಹೊಳೆಯುತ್ತಿದ್ದವು. ನಾನು ಬಡಿದ ರಿವೆಟ್ಟು, ಅವಳು ಇಸ್ತ್ರಿ ಹಾಕಿದ ಬಟ್ಟೆ, ಆಳೆತ್ತರದಲ್ಲಿ ನನ್ನ ಹೆಂಡತಿಯನ್ನು ಹೊತ್ತು ತೇಲುತ್ತಿದ್ದವು! ಮೇಯುತ್ತಿದ್ದ ಕುರಿಗಳೂ ತಲೆಯೆತ್ತಿದವು. ಮಾವ ಕೂಗುವುದನ್ನು ಮರೆತು ಕೈಮುಗಿದುಬಿಟ್ಟರು.

ಥಟ್ಟನೆ ಸದ್ದು ನಿಂತಿತು. ಮಾಲಾ ಸ್ವಿಚ್ ಒತ್ತಿದ್ದಳು. ವಿಮಾನ ಧೊಪ್ಪನೆ ಇಳಿದು, ಕುಪ್ಪಳಿಸಿ, ಒಂದು ಚಕ್ರ ಸೊಟ್ಟ ಮಾಡಿಕೊಂಡು ನಿಂತಿತು. ಏದುಸಿರು ಬಿಡುತ್ತ ಓಡಿದೆ.

"ಪೆಟ್ಟಾಯ್ತೇನೇ? ತಪ್ಪಾಯ್ತು ಮಾಲಾ! ಈ ಹಾಳು ವಿಮಾನಾನ ಇವತ್ತೇ ಮಾರಿಬಿಡ್ತೀನಿ!"

ಅವಳ ಕೂದಲೆಲ್ಲ ಪೊರಕೆಯಂತೆ ನಿಗುರಿತ್ತು. ಕಣ್ಣು ಮಾತ್ರ ಇನ್ನೂ ಮೇಲೆಯೇ ಇತ್ತು.

"ನೆಲ ಕೆಳಗ್ ಹೋಯ್ತು ಕಣ್ರೀ..." ಎಂದಳು ಪಿಸುದನಿಯಲ್ಲಿ. "ನಾನ್ ಮೇಲೆ ಹೋಗಿದ್ದಲ್ಲ, ನೆಲಾನೇ ಕೆಳಗ್ ಹೋಯ್ತು!"

ನನ್ನ ಕಣ್ಣಿನಲ್ಲಿ ನೀರು ತುಂಬಿತು. ಇಳಿಸಲು ಕೈ ಚಾಚಿದೆ. ಅವಳು ಬೆಲ್ಟನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡಳು.

"ಇಳಿಯೇ. ಚಕ್ರ ಸರಿ ಮಾಡಿ, ಪರ್ಮಿಷನ್ ಬಂದ್ಮೇಲೆ ನಾನೇ ಹಾರಿಸಿ ತೋರಿಸ್ತೀನಿ."

ಮಾಲಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವಾ? ನಿಮಗೆ ಹಾರಿ ಅನುಭವ ಐತೇನ್ರೀ?"